ನಾಗರಿಕ ವಿಜ್ಞಾನ: ಹೈದರಾಬಾದಿನ ಪಕ್ಷಿಗಣನೆ ಮತ್ತು ಮೊಬೈಲ್ ಆ್ಯಪ್

ಶಾಸ್ತ್ರಾಭ್ಯಾಸವನ್ನು ವೃತ್ತಿಯಾಗಿ ಸ್ವೀಕರಿಸದ ಸಾಮಾನ್ಯ ಜನರು, ನಿಯತವಾದ ಒಂದು ವಿಧಾನಕ್ಕೆ ಬದ್ಧರಾಗಿ, ಪ್ರಕೃತಿಯಲ್ಲಿ ತಾವು ಕಂಡದ್ದನ್ನು ಕಂಡ ಸ್ಥಳಕಾಲಗಳೊಡನೆ ದಾಖಲಿಸಿ ಸಂಶೋಧನೆಗೆ ಒದಗಿಸುವ ಪದ್ಧತಿಗೆ ನಾಗರಿಕ ವಿಜ್ಞಾನವೆಂದು ಹೆಸರು. ಅಮೆರಿಕದಲ್ಲಿ ಫ್ರಾಂಕ್ ಚಾಪ್‌ಮನ್ 1900ರಲ್ಲಿ ಆರಂಭಿಸಿದ ಕ್ರಿಸ್‌ಮಸ್ ಪಕ್ಷಿಗಣನೆಯನ್ನು ಇದರ ಆದಿಯೆಂದು ಹೇಳುವ ವಾಡಿಕೆಯುಂಟು. ಆದರೆ ಅದಕ್ಕೂ ಬಹಳ ಮುಂಚೆ, 1872ರಲ್ಲಿಯೇ, ಭಾರತದಲ್ಲಿ ಅಧಿಕಾರಿಯಾಗಿದ್ದ ಎ. ಒ. ಹ್ಯೂಮ್ 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆಯನ್ನು ಹೊರಡಿಸಿ, ದೇಶದ ನಾನಾ ಮೂಲೆಗಳಲ್ಲಿ ನೌಕರಿಯ ನಿಮಿತ್ತ ನೆಲೆಸಿದ್ದ ಹವ್ಯಾಸಿಗಳು ಬರೆದು ಕಳುಹಿಸುತ್ತಿದ್ದ ಪಕ್ಷಿವಾರ್ತೆಗಳನ್ನು ಸಂಗ್ರಹಿಸತೊಡಗಿದ್ದನೆಂಬುದನ್ನು ಮರೆಯಲಾಗದು. ಆಗ ಅಂಚೆಯ ಲಕೋಟೆ ಮಾಡುತ್ತಿದ್ದ ಕೆಲಸವನ್ನು ಈಗ ಕೈಯೊಳಗಿನ ಮೊಬೈಲ್ ಫೋನು ಮಾಡುತ್ತಿದೆ. ವೇಗವೊಂದೇ ವ್ಯತ್ಯಾಸವಾಗಿದ್ದರೆ ಇದಕ್ಕೆ ಪ್ರತ್ಯೇಕವಾದ ಲೇಖನದ ಅವಶ್ಯಕತೆಯಿರುತ್ತಿರಲಿಲ್ಲ. ನೋಡಿದವನು ಎಷ್ಟು ಹೊತ್ತು ನೋಡಿದನು, ಎಷ್ಟು ದೂರ ನಡೆದನು ಎಂಬ ಪ್ರಯತ್ನದ ಪ್ರಮಾಣವನ್ನೂ ವೀಕ್ಷಣೆಯ ಜೊತೆಯಲ್ಲಿಯೇ ಕಟ್ಟಿಕೊಡುವುದರಿಂದ ಈ ಸಾಧನವು ಹವ್ಯಾಸವನ್ನು ಗಣಿತಕ್ಕೆ ಒಳಪಡುವ ಸಾಮಗ್ರಿಯನ್ನಾಗಿ ಮಾರ್ಪಡಿಸಿದೆ.

ಇದರ ಗುಣದೋಷಗಳೆರಡನ್ನೂ ಹತ್ತಿರದಿಂದ ಪರಿಶೀಲಿಸಲು ಹೈದರಾಬಾದು ತಕ್ಕ ಕ್ಷೇತ್ರ. ದಖ್ಖನಿನ ಪ್ರಸ್ಥಭೂಮಿಯ ಮೇಲೆ, ಮೂಸಿ ನದಿಯ ಎರಡು ದಡಗಳಲ್ಲಿ ಹರಡಿರುವ ಈ ನಗರವು ಬಂಡೆಗಳ ನಡುವಣ ಕುರುಚಲು ಕಾಡಿಗೂ ಕುತುಬ್‌ಶಾಹಿ ಕಾಲದಿಂದ ಕಟ್ಟುತ್ತ ಬಂದ ಕೆರೆಗಳಿಗೂ ಹೆಸರಾದುದು. 1908ರ ಮೂಸಿ ಮಹಾಪ್ರವಾಹದ ತರುವಾಯ ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಬಂದ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಯೋಜನೆಯಿಂದ ಹುಟ್ಟಿದ ಉಸ್ಮಾನ್‌ಸಾಗರ ಮತ್ತು ಹಿಮಾಯತ್‌ಸಾಗರಗಳು ಪ್ರವಾಹವನ್ನು ತಡೆದು ನಗರಕ್ಕೆ ಕುಡಿಯುವ ನೀರನ್ನು ಕೊಟ್ಟುದಲ್ಲದೆ, ಯಾರೂ ಉದ್ದೇಶಿಸದಿದ್ದ ಮತ್ತೊಂದು ಉಪಕಾರವನ್ನೂ ಮಾಡಿದವು: ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಇಳಿದು ಬರುವ ಬಾತುಗಳಿಗೂ ಕೆಸರಂಚಿನಲ್ಲಿ ಮೇಯುವ ಗೊರವಗಳಿಗೂ ಅವು ವಿಶಾಲವಾದ ತಂಗುದಾಣಗಳಾದವು. ನಗರದ ಪಶ್ಚಿಮದಂಚಿನ ಅಮೀನ್‌ಪುರ ಕೆರೆಯನ್ನು 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ನಗರ ಪ್ರದೇಶದೊಳಗಿನ ಜಲಾಶಯವೊಂದಕ್ಕೆ ಇಂಥ ಮನ್ನಣೆ ದೇಶದಲ್ಲಿ ದೊರೆತದ್ದು ಅದೇ ಮೊದಲು.

ಈ ಪ್ರಾಂತ್ಯದ ಪಕ್ಷಿಗಳ ಶಾಸ್ತ್ರೀಯ ಗಣನೆಗೆ ತಳಹದಿ ಬಿದ್ದುದು 1931-32ರಲ್ಲಿ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ, ಆಗಿನ್ನೂ ಹೆಸರುವಾಸಿಯಾಗದಿದ್ದ ಸಾಲಿಂ ಅಲಿಯವರು ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ಕೈಗೊಂಡರು. ಅವರು ಮುಂದೆ ತಿರುವಾಂಕೂರು, ಮೈಸೂರು ಮೊದಲಾದ ಸಂಸ್ಥಾನಗಳಲ್ಲಿ ನಡೆಸಿದ ಸಮೀಕ್ಷೆಗಳಿಗೆಲ್ಲ ಇದು ಮೇಲ್ಪಂಕ್ತಿಯಾಯಿತು. ಅಂದಿನ ಕ್ರಮದಂತೆ ಹಕ್ಕಿಯನ್ನು ಕೋವಿಯಿಂದ ಹೊಡೆದು, ಚರ್ಮವನ್ನು ಹದಮಾಡಿ, ಅಳತೆ ಬರೆದು, ಹೆಸರಿಡುವುದೇ ಪ್ರಮಾಣ. ಸಂಗ್ರಹವಾದ ಮಾದರಿಗಳನ್ನು ಇಂಗ್ಲೆಂಡಿನ ಹ್ಯೂ ವಿಸ್ಲರ್ ಪರಿಶೀಲಿಸಿ ಬರೆದ ಟಿಪ್ಪಣಿಗಳೊಡನೆ ಸಮೀಕ್ಷೆಯ ವರದಿಯು 1933-34ರಲ್ಲಿ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಕನ್ನಡ ವಾಚಕರು ಇಲ್ಲಿ ಗಮನಿಸತಕ್ಕದ್ದೊಂದುಂಟು. ಅಂದಿನ ಸಂಸ್ಥಾನವೆಂದರೆ ಇಂದಿನ ತೆಲಂಗಾಣವಷ್ಟೇ ಅಲ್ಲ. ಮರಾಠವಾಡವೂ, ಬೀದರ, ಗುಲ್ಬರ್ಗ, ರಾಯಚೂರು ಎಂಬ ಕನ್ನಡ ಜಿಲ್ಲೆಗಳೂ 1956ರ ವರೆಗೆ ಅದರಲ್ಲಿ ಸೇರಿದ್ದವು. ಆದುದರಿಂದ ಆ ವರದಿಯು ಕಲ್ಯಾಣ ಕರ್ನಾಟಕದ ಪಕ್ಷಿಚರಿತ್ರೆಗೂ ಮೂಲಗ್ರಂಥವೇ ಸರಿ, ಅದನ್ನು ನಮ್ಮವರು ಹಾಗೆಂದು ಎತ್ತಿ ಹೇಳುವುದು ವಿರಳವಾದರೂ.

ಆದರೆ ಒಬ್ಬ ಪ್ರವೀಣನು ಒಂದು ಋತುವಿನಲ್ಲಿ ಒಂದು ಮಾರ್ಗವಾಗಿ ಹೋಗಿ ನೋಡಿದುದು ಎಷ್ಟೇ ಸೂಕ್ಷ್ಮವಾಗಿದ್ದರೂ ಒಂದು ಕ್ಷಣದ ಚಿತ್ರ. ಯಾವ ಹಕ್ಕಿ ಇದೆ ಎಂಬುದನ್ನು ಅದು ಹೇಳಬಲ್ಲುದು. ಹೆಚ್ಚುತ್ತಿದೆಯೋ ಕ್ಷೀಣಿಸುತ್ತಿದೆಯೋ ಎಂಬುದನ್ನು ಹೇಳಲಾರದು. ಅದಕ್ಕೆ ಬಹು ಜನರು, ಬಹು ಸ್ಥಳಗಳಲ್ಲಿ, ವರ್ಷಾನುವರ್ಷ ನೋಡಬೇಕು. ಹೈದರಾಬಾದಿನಲ್ಲಿ ಇಂಥ ಜನ ಒಂದುಗೂಡಿದ್ದು 1980ರಲ್ಲಿ ಸ್ಥಾಪಿತವಾದ ಆಂಧ್ರಪ್ರದೇಶದ ಪಕ್ಷಿವೀಕ್ಷಕರ ಸಂಘದಲ್ಲಿ. ಈಗ ಅದು ಡೆಕ್ಕನ್ ಬರ್ಡರ್ಸ್ ಎಂಬ ಹೆಸರಿನಿಂದ ನಡೆಯುತ್ತಿದೆ. ಇದೇ ನಗರದ ಆಶೀಷ್ ಪಿಟ್ಟಿಯವರು ದಕ್ಷಿಣ ಏಷ್ಯದ ಪಕ್ಷಿಸಾಹಿತ್ಯಕ್ಕೆ ಬೃಹತ್ತಾದ ಗ್ರಂಥಸೂಚಿಯನ್ನು ಸಿದ್ಧಪಡಿಸಿದುದಲ್ಲದೆ, 2004ರಿಂದ 'ಇಂಡಿಯನ್ ಬರ್ಡ್ಸ್' ಎಂಬ ನಿಯತಕಾಲಿಕವನ್ನು ಸಂಪಾದಿಸಿ, ಹವ್ಯಾಸಿಯ ಟಿಪ್ಪಣಿಗೂ ವಿದ್ವಾಂಸನ ಪ್ರಬಂಧಕ್ಕೂ ಒಂದೇ ಪಂಕ್ತಿಯಲ್ಲಿ ಮಣೆಹಾಕಿದವರು. ಆ್ಯಪ್ ಬರುವುದಕ್ಕೆ ಮುಂಚೆಯೇ ಈ ಊರಿನಲ್ಲಿ ನೋಡುವ ಶಿಸ್ತು ಬೆಳೆದಿತ್ತೆಂಬುದಕ್ಕೆ ಇಷ್ಟು ಸಾಕು.

ಇಂದು ಭಾರತದಲ್ಲಿ ಅತ್ಯಧಿಕವಾಗಿ ಬಳಕೆಯಲ್ಲಿರುವ ಪಕ್ಷಿಗಣನೆಯ ವ್ಯವಸ್ಥೆ ಇ-ಬರ್ಡ್. ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಶಾಲೆಯೂ ಆಡುಬಾನ್ ಸೊಸೈಟಿಯೂ ಕೂಡಿ 2002ರಲ್ಲಿ ಇದನ್ನು ಆರಂಭಿಸಿದುವು. ಉಚಿತವಾದ ಮೊಬೈಲ್ ಆ್ಯಪ್ 2015ರಲ್ಲಿ ಬಂದಿತು. ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾ ಎಂಬ ಸಂಘಟನೆಗಳ ಒಕ್ಕೂಟವು ಇದರ ಪ್ರಚಾರ, ಶಿಕ್ಷಣ, ಪರಿಶೀಲನೆಗಳನ್ನು ನೋಡಿಕೊಳ್ಳುತ್ತದೆ. ಬಳಸುವ ಕ್ರಮ ಕಷ್ಟವಾದುದಲ್ಲ. ಅಮೀನ್‌ಪುರದ ಕಟ್ಟೆಯ ಮೇಲೆ ಬೆಳಗಿನ ಆರೂವರೆಗೆ ನಿಂತವನು ಫೋನಿನಲ್ಲಿ ಪಟ್ಟಿಯೊಂದನ್ನು ಆರಂಭಿಸಿದನೆಂದು ಭಾವಿಸೋಣ. ಆ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ; ಉಪಗ್ರಹದ ಸಂಜ್ಞೆಯಿಂದ ಅವನ ಹೆಜ್ಜೆಯ ಜಾಡು ನಕ್ಷೆಯ ಮೇಲೆ ಗೆರೆಯಾಗಿ ಮೂಡುತ್ತದೆ. ನಾಮದ ಕೋಳಿ ನಲವತ್ತು, ನೀರುಕಾಗೆ ಹನ್ನೆರಡು, ಟಿಟ್ಟಿಭ ನಾಲ್ಕು, ಹದ್ದು ಎರಡು ಎಂದು ಸಂಖ್ಯೆಯನ್ನೂ ಹೆಸರಿನ ಮೊದಲ ಅಕ್ಷರಗಳನ್ನೂ ಒತ್ತುತ್ತ ಹೋದರೆ, ಆ ಪ್ರದೇಶದಲ್ಲಿ ಆ ಮಾಸದಲ್ಲಿ ಕಾಣಬಹುದಾದ ಪ್ರಭೇದಗಳ ಪಟ್ಟಿಯಿಂದ ಆ್ಯಪ್ ತಾನೇ ಹೆಸರನ್ನು ಪೂರ್ತಿಮಾಡುತ್ತದೆ. ವಿರಳವಾದುದನ್ನು ನಮೂದಿಸಿದೊಡನೆ ಕೆಂಪು ಗುರುತೊಂದನ್ನಿಟ್ಟು ವಿವರಣೆ ಕೇಳುತ್ತದೆ. ಪ್ರದೇಶದ ಪಟ್ಟಿಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಸಿಕ್ಕದ ಕಡೆಯಲ್ಲಿಯೂ ಕೆಲಸ ನಿಲ್ಲುವುದಿಲ್ಲ. ಕೊನೆಯಲ್ಲಿ, ಪಟ್ಟಿಯನ್ನು ಒಪ್ಪಿಸುವ ಮುನ್ನ, ಅದು ಒಂದು ಪ್ರಶ್ನೆಯನ್ನು ಹಾಕುತ್ತದೆ: ನೀವು ಗುರುತಿಸಬಲ್ಲ ಎಲ್ಲ ಹಕ್ಕಿಗಳನ್ನೂ ಇದರಲ್ಲಿ ಸೇರಿಸಿದ್ದೀರಾ?

ಇಡೀ ಪದ್ಧತಿಯ ಜೀವಾಳವಿರುವುದು ಈ ಪ್ರಶ್ನೆಯಲ್ಲಿ. ಹೌದೆಂದು ಉತ್ತರಿಸಿದ ಪಟ್ಟಿಯನ್ನು ಸಂಪೂರ್ಣ ಪಟ್ಟಿಯೆನ್ನುತ್ತಾರೆ. ಅಪರೂಪದ ಹಕ್ಕಿ ಕಂಡಾಗ ಮಾತ್ರ ಬರೆದು, ಕಾಗೆ, ಪಾರಿವಾಳ, ಗೊರವಂಕಗಳನ್ನು ತಾತ್ಸಾರದಿಂದ ಕೈಬಿಟ್ಟ ಪಟ್ಟಿಯು, ದೊಡ್ಡ ವ್ಯಾಪಾರವನ್ನಷ್ಟೇ ಬರೆದು ಚಿಲ್ಲರೆಯನ್ನು ಬಿಟ್ಟ ರೋಕಡಿ ಪುಸ್ತಕದಂತೆ. ಅದರಿಂದ ಅಂಗಡಿಯ ನಿಜಸ್ಥಿತಿ ತಿಳಿಯದು. ಸಂಪೂರ್ಣ ಪಟ್ಟಿಯಲ್ಲಾದರೋ ಬರೆಯದೆ ಬಿಟ್ಟ ಹೆಸರಿಗೂ ಅರ್ಥವುಂಟು, ಏಕೆಂದರೆ ಅದು ಇಲ್ಲದಿರುವುದು ಆ ಹಕ್ಕಿ ಕಾಣಲಿಲ್ಲವೆಂಬುದಕ್ಕೆ ಸಾಕ್ಷ್ಯವಾಗುತ್ತದೆ. ಒಂದು ಊರಿನ ನೂರು ಸಂಪೂರ್ಣ ಪಟ್ಟಿಗಳ ಪೈಕಿ ಎಂಬತ್ತರಲ್ಲಿದ್ದ ಹಕ್ಕಿಯು ಹತ್ತು ವರ್ಷಗಳ ಬಳಿಕ ಅರುವತ್ತರಲ್ಲಿ ಮಾತ್ರ ಕಂಡುಬಂದರೆ, ಪಟ್ಟಿಗಳ ಕಾಲಾವಧಿ, ದೂರ, ಋತುಗಳ ಅಂತರವನ್ನು ಸರಿದೂಗಿಸಿದ ಮೇಲೆ, ಆ ಪ್ರಭೇದವು ಇಳಿಮುಖವಾಗಿದೆಯೆಂದು ಊಹಿಸಲು ಆಧಾರವೊದಗುತ್ತದೆ. ಬಹಳ ನುರಿತ ವೀಕ್ಷಕನು ಹವ್ಯಾಸದ ಮೋಹದಿಂದ ಅಪೂರ್ವ ಹಕ್ಕಿಯ ಬೆನ್ನುಹತ್ತಿ ಊರೂರು ಅಲೆದು ಬರೆದ ಚದುರಿದ ದಾಖಲೆಗಳಿಗಿಂತ, ನಿವೃತ್ತ ಗುಮಾಸ್ತನೊಬ್ಬನು ತನ್ನ ಬೀದಿಯ ಉದ್ಯಾನದಲ್ಲಿ ದಿನವೂ ಹದಿನೈದು ನಿಮಿಷ ಕುಳಿತು ಕಾಗೆಗುಬ್ಬಿಗಳನ್ನು ಬಿಡದೆ ಎಣಿಸಿದ ಪಟ್ಟಿಯು ಈ ಲೆಕ್ಕಕ್ಕೆ ಹೆಚ್ಚು ಬೆಲೆಯುಳ್ಳದು. ಸ್ಪರ್ಧೆಯ ಹುಮ್ಮಸ್ಸಿನಲ್ಲಿರುವ ತರುಣರಿಗೆ ಈ ಮಾತು ರುಚಿಸದಿರಬಹುದು, ಸತ್ಯವಂತೂ ಇದೇ.

ಬಂದುದನ್ನೆಲ್ಲ ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಪ್ರತಿ ಪ್ರದೇಶಕ್ಕೂ ಪ್ರತಿ ಮಾಸಕ್ಕೂ ಪ್ರತಿ ಪ್ರಭೇದಕ್ಕೂ ಒಂದು ಸಂಖ್ಯಾಮಿತಿಯನ್ನು ಗೊತ್ತುಪಡಿಸಲಾಗಿದ್ದು, ಅದನ್ನು ಮೀರಿದ ದಾಖಲೆಯನ್ನು ಆ ಸೀಮೆಯ ಪಕ್ಷಿಗಳನ್ನು ಬಲ್ಲ ಪರಿಶೀಲಕರು ನೋಡಿ, ಛಾಯಾಚಿತ್ರವನ್ನೋ ವಿವರಣೆಯನ್ನೋ ಕೇಳುತ್ತಾರೆ. ಇವರೂ ಸಂಬಳವಿಲ್ಲದ ಸ್ವಯಂಸೇವಕರೇ. ಇ-ಬರ್ಡಿನ ಸೋದರ ಆ್ಯಪ್ ಆದ ಮರ್ಲಿನ್ 2021ರಿಂದ, ಸ್ವರವನ್ನು ಆಲಿಸಿ ಹೆಸರು ಸೂಚಿಸುವ ಸೌಲಭ್ಯವನ್ನು ಕೊಡುತ್ತಿದೆ. ಅದರ ಸೂಚನೆಯನ್ನೇ ನಿರ್ಣಯವೆಂದು ಬಗೆದು, ಕಣ್ಣಾರೆ ಕಾಣದೆ, ಕಿವಿಯಾರೆ ಖಚಿತಪಡಿಸಿಕೊಳ್ಳದೆ ಪಟ್ಟಿಗೆ ಸೇರಿಸುವ ಅಭ್ಯಾಸವು ಹೊಸಬರಲ್ಲಿ ಹರಡುತ್ತಿರುವುದು ಪರಿಶೀಲಕರಿಗೆ ತಲೆನೋವಾಗಿದೆ.

ಹೀಗೆ ಕೂಡಿಬಂದ ಸಾಮಗ್ರಿಯಿಂದ ಏನು ಫಲಿಸಿತೆಂಬುದಕ್ಕೆ 'ಭಾರತದ ಪಕ್ಷಿಗಳ ಸ್ಥಿತಿಗತಿ' ಎಂಬ ವರದಿಗಳು ಉತ್ತರ. 2020ರ ಮೊದಲ ವರದಿಯು ಹದಿನೈದು ಸಾವಿರಕ್ಕೂ ಮಿಕ್ಕ ವೀಕ್ಷಕರ ಒಂದು ಕೋಟಿ ವೀಕ್ಷಣೆಗಳನ್ನು ಆಧರಿಸಿತ್ತು. 2023ರ ವರದಿಯು ಸುಮಾರು ಮೂವತ್ತು ಸಾವಿರ ಜನರ ಮೂರು ಕೋಟಿ ವೀಕ್ಷಣೆಗಳಿಂದ 942 ಪ್ರಭೇದಗಳನ್ನು ಪರಾಮರ್ಶಿಸಿ, 178 ಪ್ರಭೇದಗಳಿಗೆ ತೀವ್ರ ಗಮನ ಅವಶ್ಯವೆಂದು ಹೇಳಿತು. ಗುಬ್ಬಚ್ಚಿಯು ದೇಶದಲ್ಲೆಲ್ಲ ನಾಶವಾಗುತ್ತಿದೆ, ಮೊಬೈಲ್ ಗೋಪುರಗಳೇ ಅದಕ್ಕೆ ಕಾರಣ ಎಂದು ಜನ ನಂಬಿಕೊಂಡಿದ್ದ ಕಾಲದಲ್ಲಿ, ಒಟ್ಟು ದೇಶದಲ್ಲಿ ಅದರ ಸಂಖ್ಯೆ ಬಹುಮಟ್ಟಿಗೆ ಸ್ಥಿರವಾಗಿದೆಯೆಂದೂ, ಹೈದರಾಬಾದು ಬೆಂಗಳೂರುಗಳನ್ನೊಳಗೊಂಡ ಆರು ಮಹಾನಗರಗಳಲ್ಲಿ ಮಾತ್ರ ಕ್ರಮೇಣ ಇಳಿಯುತ್ತಿರುವಂತೆ ತೋರುತ್ತದೆಂದೂ ಮೊದಲ ವರದಿ ಸ್ಪಷ್ಟಪಡಿಸಿತು. ಯಾರೂ ಮರುಗದೆ ಇದ್ದ ನೀಲಕಂಠವೇ ಇಳಿಮುಖವಾಗಿರುವುದೆಂದು ಎರಡನೆಯ ವರದಿ ತೋರಿಸಿಕೊಟ್ಟು, ಅದರ ಅಪಾಯಸ್ಥಿತಿಯನ್ನು ಜಾಗತಿಕವಾಗಿ ಮರುಪರಿಶೀಲಿಸಬೇಕೆಂದು ಸೂಚಿಸಿತು. ಕರ್ನಾಟಕಕ್ಕೂ ತೆಲಂಗಾಣಕ್ಕೂ ಇದೇ ರಾಜ್ಯಪಕ್ಷಿ. ತೆಲುಗರು ಪಾಲಪಿಟ್ಟವೆಂದು ಕರೆಯುವ ಈ ಹಕ್ಕಿಯ ದರ್ಶನ ವಿಜಯದಶಮಿಯ ದಿನ ಶುಭಕರವೆಂಬ ನಂಬಿಕೆಯಿಂದ, ಅದನ್ನು ಬಲೆಯೊಡ್ಡಿ ಹಿಡಿದು ಪಂಜರದಲ್ಲಿಟ್ಟು ಕಾಸಿಗೆ ತೋರಿಸುವ ವ್ಯಾಪಾರವು ಕಾನೂನಿನ ನಿಷೇಧವಿದ್ದರೂ ಅಲ್ಲಲ್ಲಿ ನಡೆಯುತ್ತ ಬಂದಿದೆ. ಭಕ್ತಿಯಿಂದಲೇ ಪೀಡೆಗೆ ಒಳಗಾದ ಪ್ರಾಣಿಗಳ ಪೈಕಿ ಇದೂ ಒಂದೆನ್ನಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಈ ವ್ಯವಸ್ಥೆಯ ಪ್ರಧಾನ ದೋಷವನ್ನು ಮುಚ್ಚಿಡುವುದು ಉಚಿತವಲ್ಲ. ಜನರು ತಮಗೆ ಹಿತವಾದ ಕಡೆಗೆ, ಬಿಡುವಾದ ದಿನ ಹೋಗುತ್ತಾರೆ. ಆದಕಾರಣ ದಾಖಲೆಗಳು ಕೆರೆಗಳ ಸುತ್ತಲೂ, ರಜೆಯ ಬೆಳಗುಗಳಲ್ಲಿಯೂ ಕಿಕ್ಕಿರಿಯುತ್ತವೆ. ಜನನಿಬಿಡವಾದ ಓಣಿಗಳೂ, ಕೈಗಾರಿಕಾ ವಸಾಹತುಗಳೂ, ಬರಡು ಹೊಲಗಳೂ ನಕ್ಷೆಯಲ್ಲಿ ಖಾಲಿಯಾಗಿ ಉಳಿಯುತ್ತವೆ. ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನದಲ್ಲಿ ಸಾವಿರ ಪಟ್ಟಿಗಳಾದುವೆಂದ ಮಾತ್ರಕ್ಕೆ ಹೈದರಾಬಾದಿನ ಹಕ್ಕಿಗಳು ತಿಳಿದುಬಂದಂತಲ್ಲ. ಈ ಅಸಮತೆಯನ್ನು ಸರಿಪಡಿಸಲು ಕಂಡುಕೊಂಡ ಮಾರ್ಗವೇ ಪಕ್ಷಿ ಅಟ್ಲಾಸ್. ಭೂಪ್ರದೇಶವನ್ನು ಸಮನಾದ ಚೌಕಗಳನ್ನಾಗಿ ವಿಭಾಗಿಸಿ, ಯಾವ ಚೌಕಗಳಲ್ಲಿ ನೋಡಬೇಕೆಂಬುದನ್ನು ವೀಕ್ಷಕನ ಇಷ್ಟಕ್ಕೆ ಬಿಡದೆ ಮೊದಲೇ ನಿರ್ಧರಿಸಿ, ಅಲ್ಲಿ ಕಸದ ತಿಪ್ಪೆಯಿರಲಿ ಗಾಜಿನ ಕಚೇರಿಯಿರಲಿ, ಗೊತ್ತುಮಾಡಿದ ಅವಧಿಯಷ್ಟು ನಿಂತು ಎಣಿಸಿ ಬರುವುದು ಅದರ ಕ್ರಮ. ಮೈಸೂರು ನಗರದಲ್ಲಿ 2014ರಿಂದ 2016ರ ವರೆಗೆ ಇಂಥ ಅಟ್ಲಾಸ್ ನಡೆದು ದೇಶದ ಇತರ ನಗರಗಳಿಗೆ ಮಾದರಿಯಾಯಿತು. 2015ರಿಂದ 2020ರ ವರೆಗೆ ಕೇರಳವು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಇಡೀ ರಾಜ್ಯವನ್ನು ಹೀಗೆ ಅಳೆದು, ಇಪ್ಪತ್ತೈದು ಸಾವಿರದಷ್ಟು ಪಟ್ಟಿಗಳಲ್ಲಿ 361 ಪ್ರಭೇದಗಳನ್ನು ದಾಖಲಿಸಿತು. ಹೈದರಾಬಾದಿನ ಅಟ್ಲಾಸ್ 2025ರ ಫೆಬ್ರವರಿಯಲ್ಲಿ ಡೆಕ್ಕನ್ ಬರ್ಡರ್ಸ್, ಹೈದರಾಬಾದ್ ಬರ್ಡಿಂಗ್ ಪಾಲ್ಸ್ ಮತ್ತು ಡಬ್ಲ್ಯುಡಬ್ಲ್ಯುಎಫ್-ಇಂಡಿಯಾಗಳ ಸಹಯೋಗದಲ್ಲಿ ಪ್ರಾರಂಭವಾಯಿತು. ಇ-ಬರ್ಡ್ ಆ್ಯಪ್ ಇದರ ಲೇಖನಿ. ವಿದ್ಯಾರ್ಥಿಗಳೂ ಸಾಫ್ಟ್‌ವೇರ್ ಉದ್ಯೋಗಿಗಳೂ ಗೃಹಿಣಿಯರೂ ಇದರ ಲೇಖಕರು. ಹಲವು ವರ್ಷ ಸಾಗಬೇಕಾದ ಈ ಕಾರ್ಯ ಪೂರ್ಣವಾದಾಗ, ಸಾಲಿಂ ಅಲಿಯವರ ಸಮೀಕ್ಷೆಯಿಂದೀಚೆಗೆ ಈ ನೆಲದ ಮೇಲೆ ನಡೆದ ಅತ್ಯಂತ ಕ್ರಮಬದ್ಧವಾದ ಪಕ್ಷಿಗಣನೆ ಇದೇ ಆಗುವುದೆಂದು ನಿರೀಕ್ಷಿಸಬಹುದು.

ಪಟ್ಟಿಗಳು ನ್ಯಾಯದ ಕಟ್ಟೆಯ ಸಮೀಪಕ್ಕೂ ಹೋಗುವುದುಂಟು. ಹೈದರಾಬಾದ್ ವಿಶ್ವವಿದ್ಯಾನಿಲಯಕ್ಕೆ ಹೊಂದಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆ ಭೂಮಿಯಲ್ಲಿ 2025ರ ಮಾರ್ಚಿ ಅಂತ್ಯದಲ್ಲಿ ಬುಲ್‌ಡೋಜರುಗಳು ಮರಗಳನ್ನು ಕೆಡವತೊಡಗಿದಾಗ, ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯವು ಕೆಲಸವನ್ನು ತಡೆಹಿಡಿಯಿತು. ಅದು ಪಾಳುಭೂಮಿಯೋ ಜೀವಸಮೃದ್ಧವಾದ ಕುರುಚಲು ಕಾಡೋ ಎಂಬ ಸಾರ್ವಜನಿಕ ವಿವಾದದಲ್ಲಿ, ವಿದ್ಯಾರ್ಥಿಗಳೂ ಹವ್ಯಾಸಿಗಳೂ ವರ್ಷಗಟ್ಟಲೆ ಆ ಆವರಣದಲ್ಲಿ ದಾಖಲಿಸುತ್ತ ಬಂದಿದ್ದ, ಇನ್ನೂರಕ್ಕೂ ಮಿಕ್ಕ ಪ್ರಭೇದಗಳ ಪಟ್ಟಿಗಳು ಕೈಗೆ ಸಿದ್ಧವಾಗಿ ಒದಗಿದುವು. ವಿವಾದ ಹುಟ್ಟಿದ ಮೇಲೆ ಎಣಿಸಲು ಹೊರಟಿದ್ದರೆ ಎಣಿಸಲು ಏನೂ ಉಳಿದಿರುತ್ತಿರಲಿಲ್ಲ.

ಪಕ್ಷಿಗಳ ಹೊರತಾದ ಆ್ಯಪ್‌ಗಳೂ ಇವೆ. ಗಿಡ, ಕೀಟ, ಚಿಟ್ಟೆ ಯಾವುದರ ಚಿತ್ರವನ್ನಾದರೂ ಹಾಕಿ ಹೆಸರು ಕಂಡುಕೊಳ್ಳಲು ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳು, ಮಾವು, ಹುಣಿಸೆ, ಕಕ್ಕೆ ಮುಂತಾದ ಒಂದು ಮರವನ್ನು ಗೊತ್ತುಮಾಡಿಕೊಂಡು ವಾರವಾರವೂ ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ಬರೆಯಲು ಸೀಸನ್‌ವಾಚ್ ಬಳಕೆಯಲ್ಲಿವೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಸಹಕಾರದಿಂದ 2017ರಲ್ಲಿ ತೆಲುಗಿನಲ್ಲಿ ಬಂದ ಪ್ಲಾಂಟಿಕ್ಸ್ ಎಂಬ ಜರ್ಮನ್ ಆ್ಯಪ್, ರೈತನು ತೆಗೆದ ಎಲೆಯ ಚಿತ್ರದಿಂದ ಬೆಳೆಯ ರೋಗವನ್ನು ಸೂಚಿಸುತ್ತದೆ; ಆದರೆ ಅಲ್ಲಿ ರೈತನು ಸಲಹೆಯ ಗ್ರಾಹಕನೇ ಹೊರತು ಸಂಶೋಧನೆಯ ಪಾಲುದಾರನಲ್ಲವಾದುದರಿಂದ ಅದನ್ನು ನಾಗರಿಕ ವಿಜ್ಞಾನದ ಪಂಕ್ತಿಗೆ ಸೇರಿಸುವುದು ಈ ಲೇಖಕನಿಗೆ ಸಮ್ಮತವಲ್ಲ.

ಕೆಲವು ಮರ್ಯಾದೆಗಳನ್ನು ಪಾಲಿಸಬೇಕಾದುದು ಅವಶ್ಯ. ಗೂಡನ್ನು ಸಮೀಪಿಸಿ ಚಿತ್ರ ತೆಗೆಯಬಾರದು. ಧ್ವನಿಮುದ್ರಿಕೆಯನ್ನು ಕೇಳಿಸಿ ಹಕ್ಕಿಯನ್ನು ಮರುಳುಗೊಳಿಸಿ ಹತ್ತಿರಕ್ಕೆ ಕರೆಯಬಾರದು. ಬೇಟೆಗೂ ಕಳ್ಳಸಾಗಣೆಗೂ ಗುರಿಯಾಗಬಲ್ಲ ಪ್ರಭೇದಗಳ ನಿಖರವಾದ ನೆಲೆಯನ್ನು ಇ-ಬರ್ಡ್ ತಾನೇ ಮರೆಮಾಡುತ್ತದೆಯಾದರೂ, ಅದೇ ವಿಷಯವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಕ್ಷೆಸಹಿತ ಹಂಚುವ ಹವ್ಯಾಸಿಯನ್ನು ಯಾವ ತಂತ್ರವೂ ತಡೆಯಲಾರದು.

ಕಡೆಯದಾಗಿ, ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳ ವಿಷಯ. ಬೆಂಗಳೂರು, ಮೈಸೂರು, ಮಲೆನಾಡು, ಕರಾವಳಿಗಳಿಂದ ಬರುವ ಪಟ್ಟಿಗಳ ದಟ್ಟಣೆಯೊಡನೆ ಹೋಲಿಸಿದರೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬರುವವು ತೀರ ವಿರಳ. ಕೃಷ್ಣಾ, ಭೀಮಾ, ತುಂಗಭದ್ರೆಗಳ ದಡಗಳೂ, ಸುರಪುರದ ಬಳಿಯ ಬೋನಾಳ ಕೆರೆಯೂ, ತೊಗರಿಯ ಹೊಲಗಳೂ ಅಲ್ಲಿರುವಾಗ ಈ ಕೊರತೆಗೆ ಹಕ್ಕಿಗಳ ಅಭಾವ ಕಾರಣವಲ್ಲ, ಬರೆಯುವವರ ಅಭಾವ. ಕಾಚಿಗುಡದಲ್ಲೋ ಗಚ್ಚಿಬೌಲಿಯಲ್ಲೋ ನೆಲೆಸಿ ಹಬ್ಬಹರಿದಿನಗಳಿಗೆ ಊರಿಗೆ ಹೋಗಿಬರುವ ಕನ್ನಡಿಗರು, ಮನೆಯ ಹಿತ್ತಿಲಲ್ಲಿ ನಿಂತು ಹದಿನೈದು ನಿಮಿಷದ ಸಂಪೂರ್ಣ ಪಟ್ಟಿಯೊಂದನ್ನು ಒಪ್ಪಿಸಿದರೂ ಅದು ಆ ಸೀಮೆಯ ಲೆಕ್ಕಕ್ಕೆ ಗಣನೀಯವಾದ ಸೇರ್ಪಡೆ. ಹಳೆಯ ದಿನಚರಿಗಳಲ್ಲಿ ತಾರೀಖು, ಸ್ಥಳಗಳೊಡನೆ ಹಕ್ಕಿಗಳ ಹೆಸರು ಬರೆದಿಟ್ಟ ಅಧ್ಯಾಪಕರೋ ವೈದ್ಯರೋ ಮನೆಯಲ್ಲಿದ್ದರೆ, ಅವುಗಳನ್ನೂ ಆಯಾ ತಾರೀಖಿನಲ್ಲಿಯೇ ಇ-ಬರ್ಡ್‌ಗೆ ಸೇರಿಸಲು ಅವಕಾಶವಿದೆ. 2000ಕ್ಕೆ ಹಿಂದಿನ ದಾಖಲೆಗಳು ಅತಿ ವಿರಳವಾದುದರಿಂದ ಅಂಥ ದಿನಚರಿಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಬೇಕೆಂದು ವಾಚಕರಲ್ಲಿ ವಿನಂತಿ.